ಗಾಳಿ ಅಷ್ಟೇ ಇತ್ತು, ನೀರು ಯಾಕೆ ಮೆಟ್ಟಿಲಿಗೆ ಬಂತು?

ಪ್ರಶ್ನೆ: ಕಡಲ ದಂಡೆಯ ಚಿಕ್ಕ ಊರಿಗೆ ಬಂದು ನಮಗೆ ಎರಡು ವರ್ಷ. ಶರತ್ಕಾಲ ಬಂದರೆ ಸಾಕು, ಒಂದರ ಹಿಂದೆ ಒಂದು ಬಿರುಗಾಳಿ. ಕಳೆದ ಸಲ ಎರಡು ಬಿರುಗಾಳಿಯಲ್ಲೂ ಗಾಳಿಯ ವೇಗ ಹೆಚ್ಚುಕಮ್ಮಿ ಒಂದೇ. ಮೊದಲನೆಯದರಲ್ಲಿ ಏನೂ ಆಗಲಿಲ್ಲ, ಎರಡನೆಯದರಲ್ಲಿ ನೀರು ಮನೆಯ ಮೆಟ್ಟಿಲಿಗೇ ಬಂತು. ಏನನ್ನು ನೋಡಿ ಎಚ್ಚರವಾಗಬೇಕು?

ಉತ್ತರ: ಆ ರಾತ್ರಿ ನಿಮಗೆ ನಿದ್ದೆ ಬಂದಿರಲಿಕ್ಕಿಲ್ಲ. ಇನ್ನು ಮುಂದೆ ಗಾಳಿಯ ವೇಗ ಒಂದನ್ನೇ ನೋಡಬೇಡಿ. ಉಬ್ಬರ ಎಷ್ಟು ಹೊತ್ತಿಗೆ ಅಂತ ಮೊದಲು ನೋಡಿ.

ಬೇಸಿಗೆಯ ಬಿಸಿ ಸಮುದ್ರದಲ್ಲಿ ಇನ್ನೂ ಉಳಿದಿರುವಾಗಲೇ ಧ್ರುವದ ಕಡೆಯ ಗಾಳಿ ತಣ್ಣಗಾಗಿರುತ್ತದೆ. ಈ ವ್ಯತ್ಯಾಸವೇ ಶರತ್ಕಾಲದ ಬಿರುಗಾಳಿಗೆ ಬಲ ಕೊಡುವುದು.

ಈಗ ನೀರಿನ ವಿಷಯ. ಬಿರುಗಾಳಿಯ ನಡುವೆ ವಾಯುಭಾರ ಕಮ್ಮಿ ಇರುತ್ತದೆ. ಅದು 1 ಮಿಲಿಬಾರ್ (ವಾಯುಭಾರ ಅಳೆಯುವ ಮಾನ) ಇಳಿದರೆ ಸಮುದ್ರ ಸುಮಾರು 1 ಸೆಂ.ಮೀ. ಏರುತ್ತದೆ. ಸಾಮಾನ್ಯವಾಗಿ 1013 ಇರುವುದು 973ಕ್ಕೆ ಇಳಿಯಿತು ಅನ್ನಿ, 40 ಸೆಂ.ಮೀ. ಸುಮ್ನೆ ಏರಿದ ಹಾಗಾಯಿತು. ಗಾಳಿ ಕಡಲಿಂದ ದಂಡೆಯತ್ತ ಬೀಸಿದರೆ ನೀರನ್ನು ಇನ್ನಷ್ಟು ತಂದು ಒಟ್ಟುತ್ತದೆ. ಆಳವಿಲ್ಲದ ಕೊಲ್ಲಿಯಲ್ಲಿ ಇದು ಜಾಸ್ತಿ. ಇಷ್ಟೆಲ್ಲ ಇಳಿತದ ಹೊತ್ತಿಗೆ ಆದರೆ ನಿಮಗೆ ಗೊತ್ತೇ ಆಗುವುದಿಲ್ಲ. ಉಬ್ಬರದ ಹೊತ್ತಿಗೆ ಬಂದರೆ ಮೆಟ್ಟಿಲು ಒದ್ದೆ. ನಿಮ್ಮ ಎರಡು ಬಿರುಗಾಳಿಗಳ ನಡುವಿನ ವ್ಯತ್ಯಾಸ ಬಹುಶಃ ಆರು ಗಂಟೆ ಅಷ್ಟೇ.

ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಉಬ್ಬರ ದೊಡ್ಡದು. ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ ಇನ್ನೂ ದೊಡ್ಡದು. ಬಿರುಗಾಳಿ ಶುರುವಾಗುವ ಕಾಲವೂ ಅದೇ ಅಲ್ವಾ?

ವಾಯುಭಾರ ಮಾಪಕ ಒಂದು ಮನೆಯಲ್ಲಿರಲಿ. 3 ಗಂಟೆಯಲ್ಲಿ 4 ಮಿಲಿಬಾರ್ ಇಳಿದರೆ ಬೇಗ ಇಳಿಯುತ್ತಿದೆ ಎಂದೇ ಲೆಕ್ಕ. ಬ್ರಿಟನ್ನಿನ ಹವಾಮಾನ ಕಚೇರಿ ಕಟ್ಟಿದ ನೌಕಾಧಿಕಾರಿ ರಾಬರ್ಟ್ ಫಿಟ್ಜ್‌ರಾಯ್ ಸಣ್ಣ ಸಣ್ಣ ಮೀನುಗಾರಿಕೆ ಬಂದರುಗಳಲ್ಲಿ ಈ ಮಾಪಕ ಇಡಿಸಿದ್ದರು. 1859ರ ಅಕ್ಟೋಬರ್ ಬಿರುಗಾಳಿಯಲ್ಲಿ ರಾಯಲ್ ಚಾರ್ಟರ್ ಹಡಗು ಒಡೆದು ನೂರಾರು ಜನ ಸತ್ತರು. ಆಮೇಲೆ, 1861ರಲ್ಲಿ, ಅವರು ಬಂದರುಗಳಿಗೆ ಬಿರುಗಾಳಿ ಎಚ್ಚರಿಕೆ ಕಳಿಸಲು ಶುರು ಮಾಡಿದರು. ನನಗೆ ತುಂಬ ಗೌರವವಿರುವ ಮನುಷ್ಯ.

ಇನ್ನೊಂದು ಕೆಲಸ ಮಾಡಿ. ನೀರು ಇಳಿದ ಮೇಲೆ ಗೋಡೆಯ ಬುಡದಲ್ಲಿ ಕಸಕಡ್ಡಿ, ಮರಳು, ಕೊಳೆತ ಎಲೆಯ ಒಂದು ಗೆರೆ ಉಳಿದಿರುತ್ತದೆ. ತೊಳೆಯುವ ಮೊದಲು ಅದರ ಮೇಲೆ ಬಣ್ಣದಲ್ಲಿ ಗುರುತು ಹಾಕಿ. ಪಕ್ಕದಲ್ಲಿ ದಿನಾಂಕ, ಉಬ್ಬರದ ಎತ್ತರ, ವಾಯುಭಾರ, ಗಾಳಿಯ ದಿಕ್ಕು ಬರೆದಿಡಿ. ನಾಲ್ಕೈದು ವರ್ಷದಲ್ಲಿ ನಿಮ್ಮ ಮನೆಗೆ ಇದಕ್ಕಿಂತ ಒಳ್ಳೆಯ ಮುನ್ಸೂಚನೆ ಸಿಗುವುದಿಲ್ಲ. ಉದುರಿದ ಎಲೆ ಚರಂಡಿಯ ಬಾಯಿ ಮುಚ್ಚಿರುತ್ತದೆ, ಅದನ್ನೂ ತೆಗೆಯಿರಿ.

ದಯವಿಟ್ಟು ಅಲೆ ನೋಡಲು ಕಟ್ಟೆಗೆ ಹೋಗಬೇಡಿ. ಹತ್ತು ಅಲೆ ಕಾಲಿಗೂ ತಾಗದೆ ಹೋಗಿ, ಹನ್ನೊಂದನೆಯದು ಕಟ್ಟೆ ಹಾರಿ ಬರಬಹುದು. ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರ ಕಾಲು ಕಿತ್ತುಬಿಡುತ್ತದೆ.

ಗಾಳಿ ತಗ್ಗಿತು ಅಂತ ಮಲಗಲೂ ಬೇಡಿ. ಒಟ್ಟಿದ ನೀರು ವಾಪಸ್ ಹೋಗಲು ಹೊತ್ತು ಬೇಕು. ಮುಂದಿನ ಉಬ್ಬರ ದಾಟುವವರೆಗೆ ಬಾಗಿಲಿನ ಮರಳಚೀಲ ತೆಗೆಯಬೇಡಿ.