ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ಬಟನ್ ಒತ್ತಿ ಓಡುತ್ತಾರೆ. ನಿಜವಾಗಿ ಏನಾದರೂ ಕಲಿಯುತ್ತಾರಾ?

ಕಲಿಯುತ್ತಾರೆ, ಆದರೆ ಬಟನ್‌ನಿಂದಲ್ಲ. ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಅಷ್ಟೇ.

ತಿರುಗುವ ಸ್ಟೂಲಿನ ಪ್ರಯೋಗ ನೋಡಿ. ಅದರ ಮೇಲೆ ಕೂತು, ಜೋರಾಗಿ ತಿರುಗುತ್ತಿರುವ ಸೈಕಲ್ ಚಕ್ರವನ್ನು ಅದರ ಅಚ್ಚಿನ ಎರಡು ತುದಿಗಳಲ್ಲಿ ಎರಡೂ ಕೈಯಿಂದ ನೆಟ್ಟಗೆ ಹಿಡಿಯಬೇಕು. ಒಂದು ಬದಿಗೆ ವಾಲಿಸಿದರೆ ಸ್ಟೂಲ್ ತಾನಾಗಿಯೇ ತಿರುಗುತ್ತದೆ. ಇನ್ನೊಂದು ಬದಿಗೆ ವಾಲಿಸಿದರೆ ಉಲ್ಟಾ! ಚಕ್ರ ಕೈಯನ್ನು ಜಗ್ಗುವುದು ಮೈಗೇ ಗೊತ್ತಾಗುತ್ತದೆ. ಕೋನೀಯ ಸಂವೇಗ (ತಿರುಗುವ ವಸ್ತುವಿನಲ್ಲಿರುವ ತಿರುಗುವಿಕೆಯ ಪ್ರಮಾಣ) ಅನ್ನುವ ಪದ ಆಮೇಲೆ ಬಂದರೂ ಸಾಕು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಕೇಂದ್ರ ನಿಂತಿರುವುದೇ ಹೀಗೆ ಮಾಡಿ ನೋಡಿ ಕಲಿಯಬೇಕು ಅನ್ನುವ ನಂಬಿಕೆಯ ಮೇಲೆ. 1969ರಲ್ಲಿ ಅದನ್ನು ಶುರು ಮಾಡಿದವರು ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್. (ಹೌದು, ಅಣುಬಾಂಬಿನ ಓಪನ್‌ಹೈಮರ್ ಅವರ ತಮ್ಮ.) ಅಲ್ಲಿ ವಿವರಿಸುವವರಲ್ಲಿ ಸಂಬಳ ಪಡೆಯುವ ಹೈಸ್ಕೂಲ್ ಹುಡುಗ ಹುಡುಗಿಯರೂ ಇದ್ದಾರೆ. ಹಸುವಿನ ಕಣ್ಣು ಕತ್ತರಿಸಿ ಒಳಗಿನ ಲೆನ್ಸ್ ತೋರಿಸುತ್ತಾರೆ. ಕೇಂದ್ರಕ್ಕೆ ಊರಿನವರ ಜೊತೆ ನಂಟು ಬೆಳೆಯುವುದು ಹೀಗೆಯೇ. ಪಕ್ಕದ ಬೀದಿಯ ಹುಡುಗಿ ಹೇಳಿಕೊಟ್ಟರೆ ಪ್ರಶ್ನೆ ಕೇಳಲು ಅಂಜಿಕೆ ಕಡಿಮೆ, ಅಲ್ವಾ?

ಬೆಂಗಳೂರಿನವರಾದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. ಎಲ್ಲ ಮಹಡಿ ಮುಗಿಸುವ ಹಟ ಬೇಡ. ಮಗು ಒಂದೇ ಕಡೆ ಅರ್ಧ ಗಂಟೆ ನಿಂತರೆ ಸುಮ್ನೆ ಬಿಟ್ಟುಬಿಡಿ.