ರಾಯಚೂರಿನ ಬಿಸಿಲು ತಡೆದವನಿಗೆ ಮಂಗಳೂರಿನ ಸೆಕೆ ಏಕೆ ತಡೆಯಲಾಗುತ್ತಿಲ್ಲ? ವಾಸಕ್ಕೆ ತಂಪಾದ ಊರು ಯಾವುದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ರಾಯಚೂರಿನಲ್ಲಿ ಹುಟ್ಟಿ ಬೆಳೆದವರು ನೀವು, ಕೆಲಸಕ್ಕಾಗಿ ಮಂಗಳೂರಿಗೆ ಬಂದಿದ್ದೀರಿ. ಊರಿನ 41 ಡಿಗ್ರಿ ಸಹಿಸಿದ ದೇಹ ಇಲ್ಲಿಯ 34ಕ್ಕೆ ಸೋಲುತ್ತಿದೆ. ಊರಿನಿಂದ ಹೊತ್ತು ತಂದ ಕೂಲರ್ ಕೋಣೆಯನ್ನು ಇನ್ನಷ್ಟು ಅಂಟಂಟು ಮಾಡುತ್ತಿದೆ. ಜೊತೆಯಲ್ಲಿ ಮಂಡಿನೋವಿರುವ ವಯಸ್ಸಾದ ತಾಯಿ ಇದ್ದಾರೆ. ತಿಂಗಳಿಗೆ ಒಂದೆರಡು ಸಲ ಕಚೇರಿಗೆ ಮುಖ ತೋರಿಸಿದರೆ ಸಾಕಾಗಿರುವುದರಿಂದ ರಾಜ್ಯದೊಳಗೇ ತಂಪಾದ ಊರಿಗೆ ಹೋಗುವ ಯೋಚನೆಯಿದೆ. ಸಹೋದ್ಯೋಗಿಗಳು ಮಾತ್ರ ಇದೆಲ್ಲ ಮನಸ್ಸಿನ ಭ್ರಮೆ, ಇನ್ನೆರಡು ಬೇಸಿಗೆ ಕಳೆದರೆ ಒಗ್ಗುತ್ತದೆ ಎನ್ನುತ್ತಾರೆ.

ಭ್ರಮೆ ಎಂದವರನ್ನು ಏಪ್ರಿಲ್ ಕೊನೆಯ ವಾರ ಬೆಳಿಗ್ಗೆ ಹತ್ತೂವರೆಗೆ, ಕಡಲ ಗಾಳಿ ಇನ್ನೂ ಬೀಸದ ಹೊತ್ತಿನಲ್ಲಿ, ಹಂಪನಕಟ್ಟೆಯ ಸಿಗ್ನಲ್‌ನಲ್ಲಿ ನಿಲ್ಲಿಸಬೇಕು. ನಾನು ಕುಂದಾಪುರದವನು, ಮಂಗಳೂರಿನಲ್ಲಿ ಬಹುಕಾಲ ದುಡಿದವನು, ಈಗ ಹಾಸನದಲ್ಲಿದ್ದೇನೆ. ಕರಾವಳಿಯವರಿಗೆ ಸೆಕೆ ಲೆಕ್ಕಕ್ಕಿಲ್ಲ ಎಂಬುದು ಹೊರಗಿನವರ ಕಲ್ಪನೆ. ನಾವು ಅದನ್ನು ದಿನಕ್ಕೆ ಎರಡು ಸ್ನಾನ, ಹೆಗಲ ಮೇಲೊಂದು ಬೈರಾಸು (ಟವೆಲ್) ಮತ್ತು ಮಳೆ ಯಾವಾಗ ಬರುತ್ತದೆ ಎಂಬ ಒಂದೇ ಮಾತಿನಲ್ಲಿ ಕಳೆಯುತ್ತೇವೆ, ಅಷ್ಟೇ. ಮೇ 24ರ ಸುಮಾರಿಗೆ ಬರುವ ತುಳುನಾಡಿನ ಪತ್ತನಾಜೆ ದಿನ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವೆಂದರೆ ಮಳೆ ಹತ್ತಿರವಾಯಿತೆಂದು ಎಲ್ಲರೂ ಉಸಿರು ಬಿಡುತ್ತಾರೆ.

ದೇಹವನ್ನು ತಂಪು ಮಾಡುವುದು ಬೆವರಲ್ಲ, ಬೆವರು ಆರುವ ಕ್ರಿಯೆ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಅದೇ ಬೆವರು ಆರದೆ ತೊಟ್ಟಿಕ್ಕಿದರೆ ನೀರೂ ಉಪ್ಪೂ ನಷ್ಟ, ತಂಪು ಸೊನ್ನೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶವೇ ಇಲ್ಲಿ ನಿಜವಾದ ಅಳತೆ, ಅದು ಏರಿದಷ್ಟೂ ಬೆವರು ಆರುವುದು ಕಷ್ಟ. ರಾಯಚೂರಿನಲ್ಲಿ 41 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ಆ ಅಳತೆ 23ರ ಆಸುಪಾಸಿಗೆ ಬರುತ್ತದೆ. ಮಂಗಳೂರಿನಲ್ಲಿ 34 ಡಿಗ್ರಿ ಇದ್ದು ತೇವಾಂಶ ಶೇ. 65 ಇದ್ದರೆ ಅದು 28ನ್ನು ದಾಟುತ್ತದೆ. ಅಂದರೆ ನಿಮ್ಮ ದೇಹ ಹೇಳುತ್ತಿರುವುದೇ ಸರಿ, ಗೋಡೆಯ ಮೇಲಿನ ಥರ್ಮಾಮೀಟರ್ ಹೇಳುತ್ತಿರುವುದು ಅರ್ಧ ಮಾತ್ರ. ಕೂಲರ್ ಸೋತದ್ದೂ ಇದೇ ಕಾರಣಕ್ಕೆ. ನೀರು ಆವಿಯಾಗಿಯೇ ಅದು ತಂಪು ಕೊಡಬೇಕು. ಮೊದಲೇ ತೇವ ತುಂಬಿದ ಗಾಳಿಗೆ ಇನ್ನಷ್ಟು ನೀರು ಬೆರೆಸಿದರೆ ಇಡ್ಲಿ ಪಾತ್ರೆಯೊಳಗೆ ಕುಳಿತಂತಾಗುತ್ತದೆ. ಅದನ್ನು ಮಾರಿಬಿಡಿ.

ಹವಾಮಾನ ಇಲಾಖೆಯ ಲೆಕ್ಕದಲ್ಲೂ ನಿಮ್ಮ ಕಷ್ಟ ಕಾಣಿಸುವುದಿಲ್ಲ. ಬಿಸಿಗಾಳಿ ಎಂದು ಘೋಷಿಸಲು ಬಯಲಿನಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಮುಟ್ಟಬೇಕು, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30. ಜೊತೆಗೆ ಆ ಕಾಲದ ಸರಾಸರಿಗಿಂತ ಸಾಕಷ್ಟು ಮೇಲಿರಬೇಕು. ಮಂಗಳೂರು ತಿಂಗಳುಗಟ್ಟಲೆ 34–35ರಲ್ಲಿ ಬೇಯುತ್ತಾ ಕೂತರೂ ಸುದ್ದಿಯಾಗುವುದಿಲ್ಲ. ರಾತ್ರಿಯಾದರೂ ಇಳಿಯುತ್ತದೆಯೇ ಎಂದರೆ ಅದೂ ಇಲ್ಲ. ಮುಂಗಾರಿಗೆ ಮುನ್ನ ಅರಬ್ಬೀ ಸಮುದ್ರದ ಮೇಲ್ಮೈಯೇ 30 ಡಿಗ್ರಿಯ ಹತ್ತಿರ ಇರುತ್ತದೆ. ಅದರ ಪಕ್ಕದಲ್ಲಿ ಮಲಗಿದ ಊರು ರಾತ್ರಿ 25ಕ್ಕಿಂತ ಬಹಳ ಕೆಳಗೆ ಹೋಗುವುದು ಕಷ್ಟ. ಬಯಲುಸೀಮೆಯಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿದರೆ ಬೆಳಗಿನ ಜಾವಕ್ಕೆ ಹೊದಿಕೆ ಹುಡುಕುವ ಸುಖವನ್ನು ಕರಾವಳಿ ಕಂಡಿಲ್ಲ.

ಒಗ್ಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಬಿಸಿಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು: ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆ ಹೊಂದಾಣಿಕೆ ನಿಮ್ಮಲ್ಲಿ ಆಗಿ ಮುಗಿದಿದೆ. ವರ್ಷಗಟ್ಟಲೆ ಕಾದರೆ ಇನ್ನೇನೋ ಆಗುತ್ತದೆ ಎಂದು ನಂಬಬೇಡಿ.

ಊರು ಬಿಡುವವರೆಗೆ ಬದುಕಬೇಕಲ್ಲ. ಮೊದಲು ಮನೆ ನೋಡಿಕೊಳ್ಳಿ. ನೀವು ಮೇಲಿನ ಮಹಡಿಯಲ್ಲಿ, ಪಶ್ಚಿಮಕ್ಕೆ ಗೋಡೆಯಿರುವ ಫ್ಲಾಟ್‌ನಲ್ಲಿ ಇದ್ದರೆ ಅರ್ಧ ತೊಂದರೆ ಅದೇ. ಕಾಂಕ್ರೀಟ್ ಚಪ್ಪಡಿ ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೆ ನಿಮ್ಮ ತಲೆಯ ಮೇಲೆ ಕಕ್ಕುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು ಮಂಗಳೂರು ಹೆಂಚನ್ನು ದೇಶಾಂತರಕ್ಕೆ ಕಳಿಸಿದ ಊರಿದು. ಆ ತೆಳ್ಳಗಿನ ಹೆಂಚು ಸಂಜೆಯಾಗುತ್ತಲೇ ತಣಿಯುತ್ತಿತ್ತು, ಸಂದುಗಳಲ್ಲಿ ಬಿಸಿ ಗಾಳಿ ಮೇಲೆ ಹೋಗುತ್ತಿತ್ತು. ಈಗ ಅದೇ ಊರಿನವರು ಚಪ್ಪಡಿ ಮನೆ ಕಟ್ಟಿ, ಅದರ ಮೇಲೆ ತಗಡಿನ ಮಾಡು ಹೊದಿಸುತ್ತಾರೆ. ಮಾಲೀಕರು ಒಪ್ಪಿದರೆ ತಾರಸಿಗೆ ಬಿಳಿ ಬಣ್ಣ ಬಳಿಸಿ, ಇಲ್ಲವಾದರೆ ನಡುವಿನ ಮಹಡಿಗೆ ಇಳಿಯಿರಿ.

ಮನೆಯೊಳಗೆ ತೇವ ಹುಟ್ಟಿಸುವ ಕೆಲಸಗಳನ್ನು ಹೊರಗೆ ಹಾಕಿ. ಒದ್ದೆ ಬಟ್ಟೆಯನ್ನು ಕೋಣೆಯಲ್ಲಿ ಒಣಗಿಸಬಾರದು, ಬಚ್ಚಲಿನ ಬಾಗಿಲು ಮುಚ್ಚಿರಬೇಕು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕುಕ್ಕರ್ ಇಳಿಸಿದ ಮೇಲೂ ತುಸು ಹೊತ್ತು ತಿರುಗಬೇಕು. ಫ್ಯಾನ್ ಬಗ್ಗೆ ರಾಯಚೂರಿನ ಅನುಭವವನ್ನು ಇಲ್ಲಿಗೆ ತರಬೇಡಿ. ಅಲ್ಲಿ 42ರಲ್ಲಿ ಫ್ಯಾನ್ ಬೆಂಕಿಯನ್ನೇ ಬೀಸುತ್ತದೆ. ಇಲ್ಲಿ ಗಾಳಿ ಚರ್ಮಕ್ಕಿಂತ ತುಸು ತಂಪಾಗಿರುವುದರಿಂದ ಮೈಗೆ ನೇರವಾಗಿ ಬೀಸುವ ಫ್ಯಾನ್ ನಿಜಕ್ಕೂ ಉಪಕಾರಿ. ಎ.ಸಿ. ಹಾಕುವುದಾದರೆ ಮಲಗುವ ಒಂದೇ ಕೋಣೆಗೆ ಹಾಕಿ, 26 ಅಥವಾ 27ಕ್ಕೆ ಇಟ್ಟು ಫ್ಯಾನ್ ಜೊತೆ ಓಡಿಸಿ. ಸ್ಟಾರ್ ಗುರುತಿನ ಎ.ಸಿ.ಗಳು 2020ರಿಂದ ಕಾರ್ಖಾನೆಯಿಂದಲೇ 24ಕ್ಕೆ ಹೊಂದಿಸಿ ಬರುತ್ತವೆ, ಮಂಗಳೂರಿನಲ್ಲಿ ಅಷ್ಟು ಕೂಡ ಬೇಕಾಗುವುದಿಲ್ಲ. ಹೊರಗಿನ ಕೊಳವೆಯಲ್ಲಿ ತೊಟ್ಟಿಕ್ಕುವ ನೀರಿದೆಯಲ್ಲ, ಕೋಣೆಯಿಂದ ಅದು ಹೋದದ್ದೇ ಅರ್ಧ ನೆಮ್ಮದಿ.

ಊಟದ ವಿಷಯದಲ್ಲಿ ಇಲ್ಲಿಯವರನ್ನು ಅನುಸರಿಸಿ. ಕುಚ್ಚಲಕ್ಕಿ ಗಂಜಿಗೆ ಉಪ್ಪು, ಉಪ್ಪಿನಕಾಯಿ, ಒಂದೆಲಗದ ತಂಬುಳಿ, ಪುನರ್ಪುಳಿ ಶರಬತ್ತು, ನೀರು ಮಜ್ಜಿಗೆ. ಬೆವರಿನಲ್ಲಿ ಹೋದ ನೀರು, ಉಪ್ಪು ಎರಡನ್ನೂ ಹಿಂದಕ್ಕೆ ಕೊಡುವ ಊಟವಿದು. ಜೋಳದ ರೊಟ್ಟಿ, ಖಾರದ ಚಟ್ನಿಯನ್ನು ಬಿಡಿ ಎನ್ನುವಷ್ಟು ಕ್ರೂರಿ ನಾನಲ್ಲ, ರಾತ್ರಿಗೆ ಇಟ್ಟುಕೊಳ್ಳಿ. ತಾಯಿಯವರ ಮೇಲೆ ಮಾತ್ರ ಕಣ್ಣಿರಲಿ: ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಕೇಳುವ ಮೊದಲೇ ಕುಡಿಸಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಸಿಗೆಯಲ್ಲಿ ನೀರು, ಉಪ್ಪು ಎಷ್ಟಿರಬೇಕೆಂದು ವೈದ್ಯರನ್ನೇ ಕೇಳಿ. ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಸುಡುತ್ತಿದ್ದರೆ ಮನೆಮದ್ದು ಹುಡುಕದೆ ಮೈಗೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಇನ್ನು ಊರಿನ ಆಯ್ಕೆ. ಇದರಲ್ಲಿ ಜನ ಎಡವುವುದು ಹಗಲಿನ ಗರಿಷ್ಠ ಉಷ್ಣಾಂಶ ನೋಡಿ ಆರಿಸುವುದರಿಂದ. ನೀವು ನೋಡಬೇಕಾದದ್ದು ಮೇ ತಿಂಗಳ ರಾತ್ರಿಯನ್ನು, ಗಾಳಿಯ ತೇವವನ್ನು, ಆಮೇಲೆ ಜುಲೈ ತಿಂಗಳನ್ನು. ಹವಾಮಾನದ ಆ್ಯಪ್‌ಗಳಲ್ಲಿ ‘ಡ್ಯೂ ಪಾಯಿಂಟ್’ ಎಂಬ ಅಂಕಿಯಿರುತ್ತದೆ, ಅಂದರೆ ಗಾಳಿಯ ತೇವ ಇಬ್ಬನಿಯಾಗಲು ಶುರುವಾಗುವ ಉಷ್ಣಾಂಶ. ಅದು 16ರೊಳಗಿದ್ದರೆ ಹಿತ, 20 ದಾಟಿದರೆ ಅಂಟು, 24ರ ಮೇಲೆ ನೀವು ಈಗ ಪಡುತ್ತಿರುವ ಪಾಡು. ಶೇಕಡಾವಾರು ತೇವಾಂಶಕ್ಕಿಂತ ಇದನ್ನು ನಂಬಬಹುದು, ಏಕೆಂದರೆ ಶೇಕಡಾ ಲೆಕ್ಕ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಹೇಳುತ್ತದೆ.

ಎತ್ತರಕ್ಕೆ ಹೋದಂತೆ ಸಾಮಾನ್ಯವಾಗಿ ಕಿಲೋಮೀಟರಿಗೆ ಆರು–ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಆದ್ದರಿಂದ ಘಟ್ಟ ಹತ್ತಿದರೆ ಸಾಕು ಎಂದುಕೊಂಡು ಶಿವಮೊಗ್ಗಕ್ಕೆ ಹೋಗಬೇಡಿ. ಅದು ಸುಮಾರು 570 ಮೀಟರ್ ಎತ್ತರದಲ್ಲಷ್ಟೇ ಇದೆ, ಬೇಸಿಗೆಯಲ್ಲಿ ಚೆನ್ನಾಗಿಯೇ ಕಾಯುತ್ತದೆ. ಮಲೆನಾಡಿನ ಹೆಬ್ಬಾಗಿಲು ಎಂಬ ಹೆಸರು ಕೇಳಿ ಮೋಸ ಹೋದವರು ಬಹಳ.

ಹಾಗಾದರೆ ಮಡಿಕೇರಿ? ಸುಮಾರು 1,150 ಮೀಟರ್. ಮೇ ತಿಂಗಳಲ್ಲಿ ಸ್ವರ್ಗ ಎಂದು ಒಪ್ಪುತ್ತೇನೆ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಅಪರೂಪ, ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟ್ ಬೂಷ್ಟು ಹಿಡಿಯುತ್ತದೆ, ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟಬೇಕು, ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ನಿಮ್ಮ ಮನೆಯಿಂದ ಕೆಲಸವೂ ಹೋಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಮರೆಯುವಂತಿಲ್ಲ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆಯೂ ಕಥೆ ಸುಮಾರಾಗಿ ಇದೇ. ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಾತೇ ಬೇಡ. ಹೋಂಸ್ಟೇ ಜಾಹೀರಾತಿನ ಚಿತ್ರಗಳನ್ನೆಲ್ಲ ಮಳೆ ನಿಂತ ಮೇಲಿನ ಅಕ್ಟೋಬರ್‌ನಲ್ಲಿ ತೆಗೆದಿರುತ್ತಾರೆ. ಇಂಬಳ (ಕಾಡಿನ ಜಿಗಣೆ) ಚಿತ್ರದಲ್ಲಿ ಬೀಳುವುದಿಲ್ಲ. ಮಂಡಿನೋವಿನ ತಾಯಿಯನ್ನು ಸೆಕೆಯಿಂದ ತಪ್ಪಿಸಿ ನಾಲ್ಕು ತಿಂಗಳ ಥಂಡಿಗೆ ಒಪ್ಪಿಸಿದರೆ ಅವರು ನಿಮ್ಮನ್ನು ಬೈಯುತ್ತಾರೆ, ನ್ಯಾಯವಾಗಿಯೇ.

ನನ್ನ ಅಭಿಪ್ರಾಯ ಇಷ್ಟೇ: ಘಟ್ಟದ ನೆತ್ತಿ ಬೇಡ, ಅದರ ಪೂರ್ವದ ಬೆನ್ನಿಗೆ ಬನ್ನಿ. ಮುಂಗಾರಿನ ಮೋಡಗಳು ಪಶ್ಚಿಮದಿಂದ ಹತ್ತುವಾಗಲೇ ಸುರಿದು ಹಗುರಾಗುತ್ತವೆ, ಆಚೆಗೆ ಇಳಿಯುವಾಗ ಮಳೆ ಕೆಲವೇ ಮೈಲಿಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಎತ್ತರ ಮಾತ್ರ ಹೆಚ್ಚೇನೂ ತಗ್ಗುವುದಿಲ್ಲ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಮಡಿಕೇರಿಯಲ್ಲಿ ಕೊಡೆ ತಿರುಗಿ ಮುರಿಯುವ ದಿನ ಕುಶಾಲನಗರದಲ್ಲಿ ಜನ ಅಂಗಳದಲ್ಲಿ ಬಟ್ಟೆ ಹರವಿರುತ್ತಾರೆ. ಅಲ್ಲಿ ಮನೆ ಹುಡುಕುವುದಾದರೆ ಕಾವೇರಿಯ ದಂಡೆಯ ತಗ್ಗು ಬಡಾವಣೆಗಳನ್ನು ಬಿಟ್ಟುಬಿಡಿ, 2018 ಮತ್ತು 2019ರಲ್ಲಿ ಅಲ್ಲಿಗೆ ಹೊಳೆ ನುಗ್ಗಿತ್ತು. ಹೀಗೆಯೇ ಸಕಲೇಶಪುರದ ಬದಲು ಹಾಸನ, ಮೂಡಿಗೆರೆಯ ಬದಲು ಚಿಕ್ಕಮಗಳೂರು ಪಟ್ಟಣ.

ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಇಲ್ಲಿಯೂ 33–34 ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಗಾಳಿ ಒಣ, ಬೆವರು ಆರುತ್ತದೆ, ನೆರಳಿಗೆ ಸರಿದರೆ ನೆರಳಿನ ಸುಖ ಸಿಗುತ್ತದೆ. ಸಂಜೆ ಗುಡುಗಿನ ಮಳೆ ಒಂದು ಸುತ್ತು ಬಂದು ಹೋದರೆ ರಾತ್ರಿ 20ರ ಹತ್ತಿರಕ್ಕೆ ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣ ಇನ್ನೂ ತುಸು ಎತ್ತರ, ಇನ್ನೂ ತುಸು ತಂಪು. ವಾರಾಂತ್ಯದ ಪ್ರವಾಸಿಗರ ವಾಹನ ಸಾಲು ಅದರ ಶಾಪ.

ಬೆಂಗಳೂರನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎತ್ತರ 920 ಮೀಟರ್ ಇದ್ದರೂ ಕಾಂಕ್ರೀಟ್ ಅದನ್ನು ತಿಂದುಹಾಕಿದೆ. 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು, 2024ರಲ್ಲಿ ಮತ್ತೆ 38 ದಾಟಿತು, ಆ ವರ್ಷ ಟ್ಯಾಂಕರ್ ನೀರಿಗೆ ಜನ ಬಡಿದಾಡಿದರು. ಮನೆಯಿಂದ ಕೆಲಸ ಮಾಡಬಲ್ಲವರು ತಂಪಿಗಾಗಿ ಅಲ್ಲಿಗೆ ಹೋಗುವುದು ನನಗೆ ಅರ್ಥವಾಗದ ಸಂಗತಿ. ಅದಕ್ಕಿಂತ ಮೈಸೂರು ಮೇಲು, ಹಗಲು 35ರವರೆಗೆ ಹೋದರೂ ರಾತ್ರಿ ತಣಿಯುತ್ತದೆ, ಆಸ್ಪತ್ರೆಗಳು ಚೆನ್ನಾಗಿವೆ.

ನಿಮ್ಮ ಮಟ್ಟಿಗೆ ಇನ್ನೊಂದು ಊರನ್ನು ಗಂಭೀರವಾಗಿ ಸೂಚಿಸುತ್ತೇನೆ: ಬೆಳಗಾವಿ. ಎತ್ತರ ಸುಮಾರು 760 ಮೀಟರ್ ಮಾತ್ರ, ಹಗಲು ಬಿಸಿ ಇರುತ್ತದೆ, ಆದರೆ ಸಂಜೆ ಪಶ್ಚಿಮದ ಗಾಳಿ ಬಂದು ರಾತ್ರಿ ನಿದ್ದೆ ಬರುತ್ತದೆ. ಜೋಳದ ರೊಟ್ಟಿ ಪ್ರತಿ ಖಾನಾವಳಿಯಲ್ಲಿ ಸಿಗುತ್ತದೆ. ಮಂಗಳೂರಿನಿಂದ ಕಿತ್ತು ಹಾಸನದಲ್ಲಿ ನೆಟ್ಟರೆ ತಾಯಿಯವರಿಗೆ ಅದು ಇನ್ನೊಂದು ಪರವೂರು. ಬೆಳಗಾವಿಯಲ್ಲಿ ಮಾತು, ಊಟ ಎರಡೂ ತಮ್ಮ ಕಡೆಯದಕ್ಕೆ ಹತ್ತಿರ ಎನಿಸಬಹುದು. ಕಚೇರಿಗೆ ಹೋಗಿ ಬರುವುದು ದೂರವಾಗುತ್ತದೆ ಎಂಬುದೊಂದೇ ಅಡ್ಡಿ.

ಹಾಸನದ ದಾರಿಯೂ ನಿಶ್ಚಿಂತೆಯದೇನಲ್ಲ. ಶಿರಾಡಿ ಘಾಟಿ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತದೆಂದು ಹೇಳಲಾಗದು. ರೈಲಿದೆ, 57 ಸುರಂಗಗಳ ಆ ಹಾದಿ ನೋಡಲು ಚಂದ, ಆದರೆ 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ದಿನಗಟ್ಟಲೆ ಸಂಚಾರ ನಿಂತಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಕಚೇರಿ ಭೇಟಿಗೆ ವಿನಾಯಿತಿ ಕೊಡುತ್ತಾರೆಯೇ ಎಂದು ಈಗಲೇ ಮಾತಾಡಿ, ಬರವಣಿಗೆಯಲ್ಲಿ ಪಡೆಯಿರಿ.

ಮನೆ ಹಿಡಿಯುವ ಮೊದಲು ತಾಯಿಯವರನ್ನೂ ಕರೆದುಕೊಂಡು ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಜುಲೈ ನಡುವೆ ಒಮ್ಮೆ ಆ ಊರಿನಲ್ಲಿ ಕೆಲವು ದಿನ ಇದ್ದು ನೋಡಿ. ಹೋಟೆಲಿನ ಎ.ಸಿ. ಕೋಣೆ ಬೇಡ, ಸಾಮಾನ್ಯ ಬಾಡಿಗೆ ಮನೆಯಲ್ಲಿ. ನೀರು ವಾರಕ್ಕೆಷ್ಟು ದಿನ ಬರುತ್ತದೆ ಎಂದು ಮಾಲೀಕರನ್ನು ಕೇಳದೆ ಪಕ್ಕದ ಮನೆಯವರನ್ನು ಕೇಳಿ. ಎರಡೂ ಭೇಟಿ ಮುಗಿಸಿ ಆರಿಸಿದರೆ, ಮುಂದಿನ ಫೆಬ್ರವರಿಯಲ್ಲಿ ಕರಾವಳಿ ಮತ್ತೆ ಕಾಯಲು ಶುರುವಾಗುವ ಹೊತ್ತಿಗೆ ಸಾಮಾನು ಸಾಗಿಸಿಬಿಡಬಹುದು.