ಗಾಜಿನಿಂದ ಹೊರಬಂದ ಬೆಳಕಿಗೆ ಮತ್ತೆ ವೇಗ ಎಲ್ಲಿಂದ ಬರುತ್ತದೆ?

ಗಾಜಿನೊಳಗೆ ನಿಧಾನವಾದ ಬೆಳಕು ಆಚೆ ಬಂದ ಕೂಡಲೇ ಮೊದಲಿನ ವೇಗ ಹಿಡಿಯುತ್ತದಲ್ಲ, ಅದನ್ನು ತಳ್ಳುವವರು ಯಾರು ಅಂತ ಕೇಳಿದ್ದೀರಿ. ಯಾರೂ ತಳ್ಳುವುದಿಲ್ಲ.

ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಗಾಡಿಗಳು ನಿಂತು ನಿಂತು ಸಾಗುವ ಸಿಲ್ಕ್ ಬೋರ್ಡ್ ಸಿಗ್ನಲ್ ಉದಾಹರಣೆ ಕೊಡುತ್ತಾರೆ. ಬೆಳಕಿನ ಕಣವನ್ನು ಒಂದೊಂದು ಪರಮಾಣುವೂ ನುಂಗಿ, ಸ್ವಲ್ಪ ಹೊತ್ತು ಇಟ್ಟುಕೊಂಡು ಉಗುಳುತ್ತದೆ, ಅದಕ್ಕೇ ತಡ ಅಂತ. ಕೇಳೋಕೆ ಚೆನ್ನಾಗಿದೆ, ಆದರೆ ತಪ್ಪು. ನುಂಗಿದ ಬೆಳಕನ್ನು ಪರಮಾಣು ಯಾವ ದಿಕ್ಕಿಗೆ ಬೇಕಾದರೂ ಉಗುಳಬಹುದು. ಹಾಗಿದ್ದಿದ್ದರೆ ಕಿಟಕಿಯಾಚೆಯ ಮರ ಮರದ ಹಾಗೆ ಕಾಣುತ್ತಲೇ ಇರಲಿಲ್ಲ, ಬರೀ ಮಬ್ಬು ಬೆಳಕು ಕಾಣುತ್ತಿತ್ತು.

ಬೆಳಕು ಒಂದು ವಿದ್ಯುತ್ಕಾಂತೀಯ ಅಲೆ. ಗಾಜಿನೊಳಗೆ ಬಂದಾಗ ಅದು ಅಲ್ಲಿನ ಎಲೆಕ್ಟ್ರಾನ್‌ಗಳನ್ನು ಅಲುಗಾಡಿಸುತ್ತದೆ. ಅಲುಗಾಡುವ ಎಲೆಕ್ಟ್ರಾನ್‌ಗಳು ತಾವೂ ಪುಟ್ಟ ಪುಟ್ಟ ಅಲೆಗಳನ್ನು ಹೊರಡಿಸುತ್ತವೆ. ಇವು ಮೂಲ ಅಲೆಗಿಂತ ಚೂರು ಹಿಂದೆ ಬೀಳುತ್ತವೆ. ಎಲ್ಲವೂ ಕೂಡಿ ಆಗುವ ಒಟ್ಟು ಅಲೆಯ ಏರಿಳಿತ ನಿಧಾನವಾಗಿ ಸಾಗುತ್ತದೆ. ನಾವು 'ಗಾಜಿನಲ್ಲಿ ಬೆಳಕಿನ ವೇಗ' ಅನ್ನುವುದು ಇದನ್ನೇ. ಗಾಜು ಮುಗಿದ ಮೇಲೆ ಹಿಂದಕ್ಕೆಳೆಯುವ ಅಲೆಗಳನ್ನು ಸೇರಿಸಲು ಎಲೆಕ್ಟ್ರಾನ್‌ಗಳೇ ಇಲ್ಲ, ಹಾಗಾಗಿ ಅಲೆ ತನ್ನ ಸಹಜ ವೇಗದಲ್ಲಿ ಹೋಗುತ್ತದೆ. (ಗಾಳಿಯಲ್ಲೂ ಎಲೆಕ್ಟ್ರಾನ್‌ಗಳಿವೆ, ಆದರೆ ಅಲ್ಲಿ ವೇಗ ಇಳಿಯುವುದು ಸಾವಿರಕ್ಕೆ ಒಂದು ಪಾಲೂ ಅಲ್ಲ.) ಶಕ್ತಿ ಕಳೆದುಹೋಗಿದ್ದರೆ ತಾನೇ ವಾಪಸ್ ಕೊಡಬೇಕು? ತಿಳಿ ಗಾಜಿನಲ್ಲಿ ಎಲೆಕ್ಟ್ರಾನ್‌ಗಳು ಪಡೆದ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಅಲೆಗೇ ಹಿಂದಿರುಗಿಸುತ್ತವೆ.

ಇನ್ನೊಂದು ವಿಷಯ. ಗಾಜಿನಲ್ಲಿ ಅಲೆಯ ಉದ್ದ ಕುಗ್ಗುತ್ತದೆ, ಆದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದು ಬದಲಾಗುವುದಿಲ್ಲ. ಅದಕ್ಕೇ ಕೆಂಪು ಬೆಳಕು ಆಚೆಗೂ ಕೆಂಪಾಗಿಯೇ ಬರುತ್ತದೆ. ಚದುರುವ ಬೆಳಕಿನಲ್ಲಿ ಅತಿ ಸಣ್ಣ ಪಾಲು ಮಾತ್ರ ಈ ನಿಯಮ ಮೀರುತ್ತದೆ. 1928ರಲ್ಲಿ ಕಲ್ಕತ್ತಾದಲ್ಲಿ ಸಿ.ವಿ. ರಾಮನ್ ಕಂಡುಹಿಡಿದದ್ದು ಅದನ್ನೇ. ಆಮೇಲೆ ಅವರು ನಮ್ಮ ಬೆಂಗಳೂರಿನವರೇ ಆಗಿಬಿಟ್ಟರು ಅನ್ನಿ.

ಅಂಕಿ ಬೇಕೆಂದರೆ: ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ನೀರಿನಲ್ಲಿ 2.25 ಲಕ್ಷ, ಗಾಜಿನಲ್ಲಿ 2 ಲಕ್ಷ, ವಜ್ರದಲ್ಲಿ ಬರೀ 1.24 ಲಕ್ಷ. ನಮ್ಮ ಬೀದಿಗಳಲ್ಲಿ ಕಂಬದಿಂದ ಮರಕ್ಕೆ, ಮರದಿಂದ ಕಂಬಕ್ಕೆ ಜೋತಾಡುವ ಫೈಬರ್ ಕೇಬಲ್‌ಗಳ ಒಳಗಿರುವುದೂ ಗಾಜೇ. ಬೆಂಗಳೂರಿನಿಂದ ದೆಹಲಿಗೆ ಕೇಬಲ್ ದಾರಿ 2000 ಕಿ.ಮೀ. ಅಂತಿಟ್ಟುಕೊಳ್ಳಿ. ಹೋಗಿ ಬರಲು ಬೆಳಕಿಗೇ 20 ಮಿಲಿಸೆಕೆಂಡ್ ಬೇಕು. ಗೇಮ್ ಆಡುವಾಗ ದೆಹಲಿಯ ಸರ್ವರ್‌ಗೆ ಪಿಂಗ್ (ಅಂದರೆ ಸಂದೇಶ ಹೋಗಿ ಬರುವ ಸಮಯ) ಅದಕ್ಕಿಂತ ಕೆಳಗೆ ಇಳಿಯುತ್ತಿಲ್ಲ ಅಂತ ಸುಮ್ನೆ ಕಸ್ಟಮರ್ ಕೇರ್‌ನವರ ಜೊತೆ ಜಗಳಕ್ಕೆ ಹೋಗಬೇಡಿ.